ಹೊಸ ಚಾಲಕನಿಗೆ ಯಾವ ಕಾರು?

ಪಾರ್ಕ್ ಸ್ಟ್ರೀಟಿನ ಒಂದು ಸಂಜೆಯ ವಿಚಾರ

ಮೋಟಾರು ಕಾರೆಂಬುದು ಹೋಟೆಲಿನ ಯಜಮಾನರ ಸೊತ್ತಾಗಿದ್ದ ಕಾಲವೊಂದಿತ್ತು. ಅದರ ಬಾಗಿಲು ತೆರೆದು ನಿಲ್ಲುವುದು, ಹಬ್ಬದ ದಿನ ಅದಕ್ಕೆ ಹೂವಿನ ಹಾರ ಹಾಕುವುದು, ಇಷ್ಟೇ ನಮ್ಮವರ ಪಾಲಿಗೆ ಬಂದ ಭಾಗ್ಯವಾಗಿತ್ತು. ಇಂದು ಆ ಸ್ಥಿತಿ ಇಲ್ಲ. ದೋಸೆಕಲ್ಲಿನ ಮುಂದೆ ಬೆವರು ಸುರಿಸಿದ ತಂದೆಯ ಮಗ ಕಚೇರಿಯ ಮೇಜಿನ ಮುಂದೆ ಕುಳಿತಿದ್ದಾನೆ. ಅವನ ಸಂಬಳದ ಚೀಟಿಯನ್ನು ನೋಡಿ ಸಾಲ ಕೊಡುವವರು ತಾವಾಗಿಯೇ ಫೋನು ಮಾಡುತ್ತಾರೆ. ಕುಟುಂಬದ ಮೊದಲ ಕಾರು ಬಾಗಿಲಿಗೆ ಬರುವ ದಿನ ಅನೇಕ ಮನೆಗಳಲ್ಲಿ ಹತ್ತಿರವಾಗಿದೆ.

ಇದು ಸಂತೋಷಪಡಬೇಕಾದ ಸಂಗತಿಯೇ ಸರಿ. ಆದರೆ ಇಂಥ ಮನೆಗಳಲ್ಲಿ ಮೊದಲ ಕಾರನ್ನು ನಡೆಸುವವನು ಸಾಮಾನ್ಯವಾಗಿ ಇಪ್ಪತ್ತೆರಡು ಇಪ್ಪತ್ತಮೂರರ ತರುಣ. ತಂದೆಗೆ ಚಾಲನೆ ಬಾರದು, ಅಣ್ಣನಿಗೂ ಬಾರದು. ಯಾವ ಕಾರನ್ನು ಕೊಳ್ಳಬೇಕೆಂದು ಬುದ್ಧಿ ಹೇಳುವ ಹಿರಿಯರು ಮನೆಯಲ್ಲಿ ಇರುವುದಿಲ್ಲ. ಆ ಸ್ಥಾನವನ್ನು ಅಂಗಡಿಯ ಮಾರಾಟಗಾರನೂ ಸ್ನೇಹಿತರ ಗುಂಪೂ ತುಂಬುತ್ತವೆ. ಅವರಿಬ್ಬರ ಹಿತವೂ ನಮ್ಮ ಹುಡುಗನ ಹಿತವೂ ಒಂದೇ ಎಂದು ಹೇಳಲಾಗುವುದಿಲ್ಲ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುವುದು ಉಚಿತವೆಂದು ನಮಗೆ ತೋರಿತು.

ಮೂವರ ನಡಿಗೆ

ಈಚೆಗೆ ನಾವು ಕಲ್ಕತ್ತೆಗೆ ಹೋಗಿದ್ದಾಗ ಹಳೆಯ ಪರಿಚಯದವರೊಬ್ಬರು ನಮ್ಮನ್ನು ಕಾಣಲು ಬಂದರು. ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗ ಊರು ಬಿಟ್ಟು, ಲೋಟ ತೊಳೆಯುವುದರಿಂದ ಆರಂಭಿಸಿ, ಈಗ ಹೋಟೆಲೊಂದರಲ್ಲಿ ಹಿರಿಯ ಅಡುಗೆಯವರಾಗಿದ್ದಾರೆ. ಜೊತೆಗೆ ಅವರ ಮಗನಿದ್ದ. ಈಗತಾನೆ ಕಚೇರಿಯೊಂದರಲ್ಲಿ ಕೆಲಸ ಖಾಯಂ ಆಗಿದೆ. ಲೈಸೆನ್ಸ್ ಕೈಗೆ ಬಂದು ಎರಡು ತಿಂಗಳಾಗಿದೆ.

"ರಾಯರೇ, ನಮ್ಮ ಮಾಣಿ ಕಾರು ತೆಗೆಯಬೇಕೆನ್ನುತ್ತಾನೆ. ನನ್ನ ಗಂಟಿನಲ್ಲಿ ಮೂರು ಲಕ್ಷ ಇದೆ. ಅದನ್ನು ಕೊಡಲು ನನಗೆ ಬೇಸರವಿಲ್ಲ. ಆದರೆ ಯಾವುದನ್ನು ತೆಗೆಯಬೇಕು ಎಂಬುದರಲ್ಲಿ ನಮ್ಮಿಬ್ಬರಿಗೂ ಹೊಂದಿಕೆಯಾಗುತ್ತಿಲ್ಲ. ನೀವೇ ಹೇಳಿ" ಎಂದರು ತಂದೆ.

ಮಾತನಾಡುತ್ತ ನಾವು ಮೂವರೂ ಚೌರಂಗಿಯ ಕಡೆಯಿಂದ ಪಾರ್ಕ್ ಸ್ಟ್ರೀಟನ್ನು ಹಿಡಿದು ನಡೆದೆವು. ನ್ಯಾಯಾಧೀಶ ಸರ್ ಎಲೈಜಾ ಇಂಪೆಯ ಜಿಂಕೆವನದಿಂದ ಈ ಬೀದಿಗೆ ಹೆಸರು ಬಂದಿತು. ಈಗ ಅಧಿಕೃತವಾಗಿ ಇದು ಮದರ್ ತೆರೇಸಾ ಸರಣಿ. ಮೂಲೆಯಲ್ಲಿ 1784ರಲ್ಲಿ ಸ್ಥಾಪನೆಯಾದ ಏಷಿಯಾಟಿಕ್ ಸೊಸೈಟಿ, ಮುಂದೆ 1927ರಿಂದ ನಡೆದುಬಂದ ಫ್ಲೂರೀಸ್ ಎಂಬ ತಿಂಡಿಮನೆ, ಎರಡೂ ಬದಿಯಲ್ಲಿ ದೀಪಗಳಿಂದ ಬೆಳಗುವ ಹೋಟೆಲುಗಳು. ಅವುಗಳ ಮುಂದೆ ಒಂದಕ್ಕೊಂದು ತಾಗುವಂತೆ ನಿಂತ ಕಾರುಗಳ ಸಾಲು. ಹೊಸ ಕಾರಿನ ಆಸೆ ಹೊತ್ತ ತರುಣನಿಗೆ ಇದಕ್ಕಿಂತ ದೊಡ್ಡ ಪ್ರದರ್ಶನ ಬೇರೆ ಬೇಕಾಗಿಲ್ಲ.

ಹುಡುಗ ಒಂದು ಎತ್ತರವಾದ, ಜೀಪಿನಂತೆ ಅಗಲವಾದ ಗಾಡಿಯನ್ನು ತೋರಿಸಿ, "ಇಂಥದು ಬೇಕು, ಮಾಮ. ಎತ್ತರದಲ್ಲಿ ಕೂತರೆ ರಸ್ತೆ ಚೆನ್ನಾಗಿ ಕಾಣುತ್ತದೆ. ಏಳು ವರ್ಷದ ಸಾಲ ಸಿಗುತ್ತದೆ" ಎಂದ. ತಂದೆಗೆ ಅದು ರುಚಿಸಲಿಲ್ಲ. ಅವರ ಮನಸ್ಸೆಲ್ಲ ಪರಿಚಯದವರೊಬ್ಬರು ಮಾರಲಿಟ್ಟಿರುವ ಒಂದು ಅಂಬಾಸಿಡರಿನ ಮೇಲೆ. "ಅದು ಕಬ್ಬಿಣದ ಪೆಟ್ಟಿಗೆ, ರಾಯರೇ. ಗುದ್ದಿದರೆ ಎದುರಿನದೇ ಪುಡಿಯಾಗಬೇಕು" ಎಂಬುದು ಅವರ ವಾದ.

ಇಬ್ಬರ ಮಾತಿನಲ್ಲಿಯೂ ಸ್ವಲ್ಪ ಸತ್ಯವಿದೆ, ಸ್ವಲ್ಪ ಭ್ರಮೆಯೂ ಇದೆ. ಅದನ್ನು ಬೇರ್ಪಡಿಸಬೇಕಾದರೆ ಕಲ್ಕತ್ತೆಯ ನೆರೆಯಲ್ಲಿಯೇ ನಡೆದ ಎರಡು ಕಾರುಗಳ ಕಥೆಯನ್ನು ಮೊದಲು ನೋಡಬೇಕು.

ಉತ್ತರಪಾರಾದ ಕಾರು, ಸಿಂಗೂರಿನ ಕಾರು

ಅಂಬಾಸಿಡರ್ ಹುಟ್ಟಿದ್ದು ಹೂಗ್ಲಿ ನದಿಯ ದಡದ ಉತ್ತರಪಾರಾದಲ್ಲಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚನ್ನು ತಂದು ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯವರು 1950ರ ದಶಕದ ಕೊನೆಯಲ್ಲಿ ಅದನ್ನು ತಯಾರಿಸತೊಡಗಿದರು. ಅರ್ಧ ಶತಮಾನಕ್ಕೂ ಮೀರಿ, ಮೇಲ್ಮೈಯಲ್ಲಿ ಅಲ್ಪಸ್ವಲ್ಪ ಬದಲಾವಣೆಗಳೊಡನೆ, ಅದೇ ಗಾಡಿ ಹೊರಬಂದಿತು. ಮಂತ್ರಿಗಳೂ ಅದರಲ್ಲಿಯೇ ಕುಳಿತರು. ಹೌರಾ ಸ್ಟೇಷನ್ನಿಗೆ ಬಂದಿಳಿದ ನಮ್ಮ ಹುಡುಗರೂ ಹಳದಿ ಟ್ಯಾಕ್ಸಿಯ ರೂಪದಲ್ಲಿ ಅದನ್ನೇ ಹತ್ತಿದರು. 2014ರ ಮೇ ತಿಂಗಳಲ್ಲಿ ಕಾರ್ಖಾನೆಯ ಕೆಲಸ ನಿಂತಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೊ ಕಂಪನಿಗೆ ಮಾರಾಟವಾಯಿತು.

ಆ ಕಾರಿನ ಮೇಲೆ ನಮಗೂ ಮಮತೆಯುಂಟು. ಆದರೆ ಮಮತೆ ಬೇರೆ, ಹೊಸ ಚಾಲಕನ ಯೋಗಕ್ಷೇಮ ಬೇರೆ. ಗಟ್ಟಿಯಾದ ಲೋಹವೇ ರಕ್ಷಣೆ ಎಂಬ ನಂಬಿಕೆ ಹಳೆಯದು. ಡಿಕ್ಕಿ ಸಂಭವಿಸಿದಾಗ ಆ ವೇಗದ ಶಕ್ತಿ ಎಲ್ಲಿಯಾದರೂ ಖರ್ಚಾಗಲೇಬೇಕು. ಗಾಡಿಯ ಮೂತಿ ಬಗ್ಗದಿದ್ದರೆ ಆ ಪೆಟ್ಟು ಒಳಗೆ ಕುಳಿತವನ ಎದೆಗೂ ಕುತ್ತಿಗೆಗೂ ತಲುಪುತ್ತದೆ. ಆದುದರಿಂದಲೇ ಈಗಿನ ಕಾರುಗಳಲ್ಲಿ ಮುಂಭಾಗವು ಮುದುಡಿ ಪೆಟ್ಟನ್ನು ನುಂಗುವಂತೆಯೂ, ಜನರು ಕುಳಿತುಕೊಳ್ಳುವ ಭಾಗವು ಮಾತ್ರ ಗಟ್ಟಿಯಾಗಿ ನಿಲ್ಲುವಂತೆಯೂ ರಚಿಸುತ್ತಾರೆ. ಅಂಬಾಸಿಡರಿನಲ್ಲಿ ಅಂಥ ರಚನೆಯಿಲ್ಲ, ಏರ್‌ಬ್ಯಾಗ್ ಇಲ್ಲ. ಸಾಲದುದಕ್ಕೆ ಹಳೆಯ ಗಾಡಿಯ ಕ್ಲಚ್ಚೂ ಸ್ಟಿಯರಿಂಗೂ ಪಳಗಿದ ಕೈಯನ್ನು ಕೇಳುತ್ತವೆ.

ಎರಡನೆಯ ಕಥೆ ಸಿಂಗೂರಿನದು. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ನೆನೆಯುತ್ತ ಹೋಗುವ ಸಂಸಾರವನ್ನು ಕಂಡು, ಅಂಥವರಿಗೂ ಎಟುಕುವ ಕಾರೊಂದನ್ನು ಮಾಡಬೇಕೆಂದು ರತನ್ ಟಾಟಾ ಅವರು ಸಂಕಲ್ಪಿಸಿದರು. 2008ರ ಜನವರಿಯಲ್ಲಿ ದೆಹಲಿಯ ಪ್ರದರ್ಶನದಲ್ಲಿ ನ್ಯಾನೊ ಪ್ರಕಟವಾಯಿತು. ಒಂದು ಲಕ್ಷ ರೂಪಾಯಿಯ ಕಾರೆಂದು ಜಗತ್ತೇ ಮಾತನಾಡಿತು. ಕಾರ್ಖಾನೆ ಹೂಗ್ಲಿ ಜಿಲ್ಲೆಯ ಸಿಂಗೂರಿನಲ್ಲಿ ಏಳುತ್ತಿದ್ದಾಗ ರೈತರ ಭೂಮಿಯ ಪ್ರಶ್ನೆ ಎದ್ದು, 2008ರ ಅಕ್ಟೋಬರ್ 3ರಂದು ಕಂಪನಿ ಬಂಗಾಳವನ್ನು ಬಿಡುವುದಾಗಿ ಸಾರಿ, ಗುಜರಾತಿನ ಸಾಣಂದಕ್ಕೆ ಹೋಯಿತು. 2009ರಲ್ಲಿ ಮಾರುಕಟ್ಟೆಗೆ ಬಂದ ಆ ಕಾರಿನ ತಯಾರಿಕೆ 2018ರಲ್ಲಿ ನಿಂತುಹೋಯಿತು.

ಬಡವರನ್ನು ನೆನೆದು ಮಾಡಿದ ಕಾರನ್ನು ಬಡವರೇ ಏಕೆ ಹೆಚ್ಚಾಗಿ ಕೊಳ್ಳಲಿಲ್ಲ? ಕಾರಣಗಳು ಹಲವು. ಅವುಗಳಲ್ಲೊಂದು ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಜೀವಮಾನದಲ್ಲಿ ಒಮ್ಮೆ ಕಾರು ಕೊಳ್ಳುವವನು ಅಗ್ಗದ ಕಾರೆಂದು ಹೆಸರಾದುದನ್ನು ಮನೆಯ ಮುಂದೆ ನಿಲ್ಲಿಸಲು ಹಿಂಜರಿಯುತ್ತಾನೆ. ಮೊದಲ ಕಾರಿನಲ್ಲಿ ಪ್ರಯಾಣಕ್ಕಿಂತ ಪ್ರತಿಷ್ಠೆಯ ತೂಕವೇ ಹೆಚ್ಚು. ನಮ್ಮ ತರುಣನು ಎತ್ತರದ ಗಾಡಿಯತ್ತ ಬೆರಳು ಮಾಡಿದುದೂ ಅದೇ ಕಾರಣಕ್ಕೆ ಎಂದು ನಾವು ಹೇಳಿದಾಗ, ಅವನು ನಕ್ಕು ತಲೆ ತಗ್ಗಿಸಿದ.

2014 ಎಂಬ ವರ್ಷ

2014ನೆಯ ವರ್ಷ ನಮ್ಮ ದೇಶದ ಕಾರುಗಳ ಇತಿಹಾಸದಲ್ಲಿ ವಿಶೇಷವಾದುದು. ಅಂಬಾಸಿಡರ್ ನಿಂತುದು ಆ ವರ್ಷ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಬೀಗದ ಕೈ ಕೊಟ್ಟು ಆರಂಭಿಸಿದ ಮಾರುತಿ 800 ನಿಂತುದೂ ಅದೇ ವರ್ಷ. ಹರ್ಪಾಲ್ ಸಿಂಗ್ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ಆ ಮೊದಲ ಕಾರನ್ನು ಬಿಡಲಿಲ್ಲವಂತೆ.

ಅದೇ ವರ್ಷದ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ ಐದು ಚಿಕ್ಕ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ಪರೀಕ್ಷಿಸಿದ ಫಲಿತಾಂಶ ಹೊರಬಿತ್ತು. ಏರ್‌ಬ್ಯಾಗ್ ಇಲ್ಲದ ಆ ಐದು ಕಾರುಗಳಿಗೂ ದೊಡ್ಡವರ ರಕ್ಷಣೆಯಲ್ಲಿ ದೊರೆತದ್ದು ಸೊನ್ನೆ. ಅವುಗಳಲ್ಲೊಂದಾದ ಪೋಲೊ ಕಾರಿಗೆ ಎರಡು ಏರ್‌ಬ್ಯಾಗ್ ಇಟ್ಟು ಮತ್ತೆ ಪರೀಕ್ಷಿಸಿದಾಗ ಐದರಲ್ಲಿ ನಾಲ್ಕು ನಕ್ಷತ್ರಗಳು ದೊರೆತವು. ದೇಹದ ಗಟ್ಟಿತನ ಚೆನ್ನಾಗಿದ್ದ ಕಾರಿಗೆ ಎರಡು ಚೀಲಗಳಿಂದ ಎಷ್ಟು ವ್ಯತ್ಯಾಸವಾಯಿತು ಎಂಬುದನ್ನು ಓದುಗರು ಗಮನಿಸಬೇಕು.

ಆ ಬಳಿಕ ಕಾನೂನು ಒಂದೊಂದಾಗಿ ಬದಲಾಯಿತು. 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಎ.ಬಿ.ಎಸ್. ಎಂಬ ಬ್ರೇಕಿನ ಏರ್ಪಾಡು ಕಡ್ಡಾಯವಾಯಿತು. ಅದೇ ಜುಲೈಯಿಂದ ಚಾಲಕನ ಏರ್‌ಬ್ಯಾಗ್, ಹಿಂದಕ್ಕೆ ಸರಿಸುವಾಗ ಎಚ್ಚರಿಸುವ ಉಪಕರಣ, ಬೆಲ್ಟ್ ಕಟ್ಟದಿದ್ದರೆ ಕೂಗುವ ಗಂಟೆ, ವೇಗ ಮೀರಿದರೆ ಕೂಗುವ ಗಂಟೆ ಕಡ್ಡಾಯವಾದವು. 2021ರ ಅಂತ್ಯದೊಳಗೆ ಮುಂದಿನ ಎರಡು ಸೀಟಿಗೂ ಏರ್‌ಬ್ಯಾಗ್ ಇರಬೇಕೆಂಬ ನಿಯಮ ಬಂದಿತು. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ದೇಶದ ಪರೀಕ್ಷೆ ಜಾರಿಗೆ ಬಂದಿದೆ.

ಹಳೆಯ ಕಾರು ಕೊಳ್ಳುವವರಿಗೆ ಈ ತಾರೀಖುಗಳು ಬಹಳ ಉಪಯುಕ್ತ. 2016ರ ಒಂದು ಚಿಕ್ಕ ಕಾರಿನಲ್ಲಿ ಏರ್‌ಬ್ಯಾಗ್ ಇರಬಹುದು, ಇಲ್ಲದಿರಲೂಬಹುದು. 2022ರ ಕಾರಿನಲ್ಲಿ ಮುಂದಿನ ಎರಡಂತೂ ಇದ್ದೇ ಇರುತ್ತವೆ. ಎಪ್ಪತ್ತು ಎಂಬತ್ತು ಸಾವಿರ ಉಳಿಯಿತೆಂದು ಹಿಂದಿನದನ್ನು ಆರಿಸುವವನು ಏನನ್ನು ಉಳಿಸಿದನು, ಏನನ್ನು ಬಿಟ್ಟನು ಎಂಬುದನ್ನು ತಾನೇ ಲೆಕ್ಕ ಹಾಕಲಿ.

ಸ್ಮಶಾನದ ಗೋಡೆಯ ಬಳಿ

ಮಾತಿನ ಭರದಲ್ಲಿ ನಾವು ಸೇಂಟ್ ಝೇವಿಯರ್ಸ್ ಕಾಲೇಜನ್ನು ದಾಟಿ, 1767ರಲ್ಲಿ ತೆರೆದ ಹಳೆಯ ಸ್ಮಶಾನದ ಬಳಿ ಬಂದಿದ್ದೆವು. ಏಷಿಯಾಟಿಕ್ ಸೊಸೈಟಿಯನ್ನು ಕಟ್ಟಿದ ವಿಲಿಯಂ ಜೋನ್ಸ್ ಅವರ ಸಮಾಧಿ ಅಲ್ಲಿದೆ. ಕವಿಯೂ ಅಧ್ಯಾಪಕನೂ ಆಗಿದ್ದ ಡೆರೋಜಿಯೊ ಅಲ್ಲಿಯೇ ಮಲಗಿದ್ದಾನೆ. 1831ರಲ್ಲಿ ಕಾಲರಾದಿಂದ ತೀರಿಕೊಂಡಾಗ ಅವನಿಗೆ ಇಪ್ಪತ್ತೆರಡು ವರ್ಷ. ನಮ್ಮೊಡನಿದ್ದ ಹುಡುಗನ ವಯಸ್ಸೂ ಅಷ್ಟೇ.

ಆ ಕಾಲದಲ್ಲಿ ತರುಣರನ್ನು ಒಯ್ಯುತ್ತಿದ್ದುದು ಕಾಲರಾ, ಜ್ವರ. ಈಗ ಒಯ್ಯುತ್ತಿರುವುದು ರಸ್ತೆ. ಐದರಿಂದ ಇಪ್ಪತ್ತೊಂಬತ್ತು ವರ್ಷದವರೆಗಿನವರ ಸಾವಿಗೆ ಜಗತ್ತಿನಲ್ಲಿ ಮೊದಲನೆಯ ಕಾರಣ ರಸ್ತೆ ಅಪಘಾತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ ಎಂದು ಸರಕಾರದ ವರದಿಯೇ ತಿಳಿಸುತ್ತದೆ. ಆ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವಕ್ಕೆ ಮಿತಿಮೀರಿದ ವೇಗವೇ ಕಾರಣವೆಂದು ದಾಖಲಾಗಿದೆ.

ಹೊಸ ಚಾಲಕನ ಕೊರತೆ ಕೈಯಲ್ಲಿ ಇರುವುದಲ್ಲ, ಕಣ್ಣಿನಲ್ಲಿ ಇರುವುದು. ಗೇರು ಹಾಕುವುದನ್ನು ಯಾರಾದರೂ ತಿಂಗಳಲ್ಲಿ ಕಲಿಯಬಹುದು. ನಿಂತ ಬಸ್ಸಿನ ಮರೆಯಿಂದ ಒಬ್ಬನು ಓಡಿಬರಬಹುದು, ಎದುರಿನ ಟ್ಯಾಕ್ಸಿ ಗಿರಾಕಿಯನ್ನು ಕಂಡು ಥಟ್ಟನೆ ನಿಲ್ಲಬಹುದು ಎಂಬ ಮುಂದಾಲೋಚನೆ ಬರಲು ವರ್ಷ ಬೇಕು. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಬ್ರೇಕಿನ ಮೇಲೆ ಕಾಲಿಡುವ ಮೊದಲೇ ಗಾಡಿ ಅಷ್ಟು ದೂರ ಹೋಗಿಬಿಟ್ಟಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ.

ಆದುದರಿಂದ ಮೊದಲ ಕಾರನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಹುಡುಗ ತಪ್ಪು ಮಾಡಿದ ದಿನ ಈ ಕಾರು ಅವನನ್ನು ಕ್ಷಮಿಸುವುದೇ? ತಪ್ಪು ಮಾಡುವನೇ ಎಂಬುದು ಪ್ರಶ್ನೆಯಲ್ಲ; ಮಾಡಿಯೇ ತೀರುವನು. ನಾವೆಲ್ಲರೂ ಮಾಡಿದ್ದೇವೆ.

ಕ್ಷಮಿಸುವ ಕಾರಿನ ಲಕ್ಷಣಗಳು

ಮೊದಲನೆಯದು ಗಾತ್ರ. ನಾಲ್ಕು ಮೀಟರಿನೊಳಗಿನ ಉದ್ದದ ಕಾರು ಪಟ್ಟಣದ ಹೊಸಬನಿಗೆ ಸಾಕು. ಕಲ್ಕತ್ತೆಯ ಅನೇಕ ರಸ್ತೆಗಳಲ್ಲಿ ಏಕಮುಖ ಸಂಚಾರದ ದಿಕ್ಕು ದಿನದ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ದಾರಿ ತಪ್ಪಿ ಗಲ್ಲಿಯೊಂದನ್ನು ಹೊಕ್ಕವನು ಹಿಂದಕ್ಕೆ ಸರಿಸಿಕೊಂಡು ಬರಬೇಕಾದಾಗ ಚಿಕ್ಕ ಗಾಡಿಯ ಬೆಲೆ ತಿಳಿಯುತ್ತದೆ. ಎತ್ತರದಲ್ಲಿ ಕುಳಿತರೆ ದೂರ ಕಾಣುವುದು ನಿಜ. ಆದರೆ ಎತ್ತರವಾದ ಮೂತಿಯ ಅಡಿಯಲ್ಲಿ, ಹಿಂಬದಿಯಲ್ಲಿ, ಹತ್ತಿರದಲ್ಲಿರುವ ಮಗು, ಸೈಕಲ್ಲು, ಕೈಗಾಡಿ ಕಾಣುವುದಿಲ್ಲ. ಪೇಟೆಯ ಚಾಲನೆಯಲ್ಲಿ ಆಪತ್ತು ಬರುವುದು ಹತ್ತಿರದಿಂದ.

ಎರಡನೆಯದು ಶಕ್ತಿ. ಒಂದು ಸಾವಿರದಿಂದ ಸಾವಿರದ ಇನ್ನೂರು ಸಿ.ಸಿ.ಯ ಎಂಜಿನ್ ಹೊಸಬನಿಗೆ ಧಾರಾಳ. ಮೀರಿದ ಶಕ್ತಿಯುಳ್ಳ ಗಾಡಿ, ಹಿಂದಿನ ಸೀಟಿನಲ್ಲಿ ಗೆಳೆಯರು ತುಂಬಿದ ರಾತ್ರಿ, ಖಾಲಿಯಾದ ಮೇಲ್ಸೇತುವೆ, ಈ ಮೂರೂ ಕೂಡಬಾರದು. ಕ್ಲಚ್ಚಿಲ್ಲದ ಗಾಡಿಗಳೂ ಈಗ ಚಿಕ್ಕ ಕಾರುಗಳಲ್ಲಿ ದೊರೆಯುತ್ತವೆ. ಹೆಜ್ಜೆಗೊಮ್ಮೆ ನಿಲ್ಲುವ ಸಂಚಾರದಲ್ಲಿ ಹೊಸಬನ ಗಮನ ಗೇರಿನಿಂದ ರಸ್ತೆಗೆ ಹೊರಳುವುದು ಅವುಗಳ ಗುಣ. ಬೆಲೆ ಸ್ವಲ್ಪ ಹೆಚ್ಚು.

ಮೂರನೆಯದು ರಕ್ಷಣೆ. ಇಲ್ಲಿ ಹೆಸರನ್ನು ನಂಬಬಾರದು, ಫಲಿತಾಂಶವನ್ನು ನೋಡಬೇಕು. ಒಂದೇ ಕಂಪನಿಯ ಸ್ವಿಫ್ಟ್ ಕಾರಿಗೆ 2022ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊರೆತದ್ದು ಒಂದು ನಕ್ಷತ್ರ. 2024ರಲ್ಲಿ ಹೊಸ ಡಿಜೈರ್ ಕಾರಿಗೆ ದೊರೆತದ್ದು ಐದು. ಟಾಟಾ ಕಂಪನಿಯ ನ್ಯಾನೊಗೆ 2014ರಲ್ಲಿ ಸೊನ್ನೆ. ಅದೇ ಕಂಪನಿಯ ನೆಕ್ಸಾನಿಗೆ 2018ರಲ್ಲಿ ಐದು, ಚಿಕ್ಕ ಟಿಯಾಗೊಗೆ 2020ರಲ್ಲಿ ನಾಲ್ಕು. ಪರೀಕ್ಷೆಯ ನಿಯಮಗಳೂ ವರ್ಷಗಳು ಕಳೆದಂತೆ ಬಿಗಿಯಾಗಿವೆ. ಆದುದರಿಂದ ಕಂಪನಿಯ ಹೆಸರು ಸಾಲದು. ಯಾವ ಕಾರು, ಯಾವ ವರ್ಷದ್ದು, ಯಾವ ಪರೀಕ್ಷೆ ಎಂದು ಕೇಳಿ ತಿಳಿಯಬೇಕು. ಜಾರುವ ತಿರುವಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವ ಇ.ಎಸ್.ಸಿ. ಎಂಬ ಏರ್ಪಾಡು ಇರುವುದಾದರೆ ಇನ್ನೂ ಒಳ್ಳೆಯದು. ಆಗುಂಬೆ ಶಿರಾಡಿಗಳ ಮಳೆಗಾಲವನ್ನು ಬಲ್ಲ ನಮ್ಮವರಿಗೆ ಅದರ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ.

ಒಂದು ಎಚ್ಚರಿಕೆ. ಏರ್‌ಬ್ಯಾಗ್ ಇದೆಯೆಂದು ಬೆಲ್ಟ್ ಬಿಡುವವನು ಎರಡನ್ನೂ ಕಳೆದುಕೊಂಡಂತೆ. ಬೆಲ್ಟಿನಿಂದ ಬಿಗಿದ ದೇಹಕ್ಕೆ ಆ ಚೀಲ ದಿಂಬಾಗುತ್ತದೆ. ಮುಂದಕ್ಕೆ ಎಸೆಯಲ್ಪಟ್ಟ ದೇಹಕ್ಕೆ ಅದೇ ಪೆಟ್ಟಾಗುತ್ತದೆ. ಹಿಂದಿನ ಸೀಟಿನವರಿಗೂ ಬೆಲ್ಟ್ ಬೇಕು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅವರು ತೀರಿಕೊಂಡಾಗ ಅವರು ಕುಳಿತಿದ್ದುದು ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಕಟ್ಟದೆ.

ಗಂಟಿನ ಲೆಕ್ಕ

ಇನ್ನು ಹಣದ ವಿಚಾರ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಕಂತಿನ ಸಾಲ ಹಾಸಿಗೆಯನ್ನು ಉದ್ದವಾದಂತೆ ತೋರಿಸುತ್ತದೆ. ನಾಲ್ಕು ಲಕ್ಷದ ಸಾಲವನ್ನು ವರ್ಷಕ್ಕೆ ಶೇಕಡಾ 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 8,500 ರೂಪಾಯಿ. ಕಟ್ಟಿದ ಒಟ್ಟು ಮೊತ್ತ ಸುಮಾರು 5,10,000. ಅದನ್ನೇ ಏಳು ವರ್ಷಕ್ಕೆ ಎಳೆದರೆ ಕಂತು ಸುಮಾರು 6,640ಕ್ಕೆ ಇಳಿಯುತ್ತದೆ, ನಿಜ. ಆದರೆ ಒಟ್ಟು ಮೊತ್ತ ಸುಮಾರು 5,58,000ಕ್ಕೆ ಏರುತ್ತದೆ. ಹೆಚ್ಚಿನ ಆ ನಲವತ್ತೆಂಟು ಸಾವಿರ ರೂಪಾಯಿ ಎಷ್ಟು ದಿನಗಳ ದುಡಿಮೆ ಎಂಬುದನ್ನು ನಮ್ಮ ಹುಡುಗನ ತಂದೆಯನ್ನು ಕೇಳಬೇಕು.

ಕಂತಿನಿಂದಲೇ ಮುಗಿಯುವುದಿಲ್ಲ. ತಿಂಗಳಿಗೆ 600 ಕಿಲೋಮೀಟರ್ ಓಡಿಸಿ, ಲೀಟರಿಗೆ 15 ಕಿಲೋಮೀಟರ್ ಬಂದರೆ 40 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಎಂದು ಸುಲಭದ ಲೆಕ್ಕ ಹಿಡಿದರೂ ನಾಲ್ಕು ಸಾವಿರವಾಯಿತು. ವಿಮೆ, ಸರ್ವೀಸು, ಟಯರು, ನಿಲ್ಲಿಸುವ ಜಾಗದ ಬಾಡಿಗೆ ಬೇರೆ. ಇವೆಲ್ಲ ಸೇರಿ ಸಂಬಳದ ಐದನೆಯ ಒಂದು ಭಾಗವನ್ನು ಮೀರುವಂತಿದ್ದರೆ ಆ ಕಾರು ಇನ್ನೂ ನಮ್ಮದಲ್ಲ ಎಂಬುದು ನಮ್ಮ ಅಭಿಪ್ರಾಯ. ಊರಿಗೆ ಕಳುಹಿಸುವ ಹಣ ನಿಂತುಹೋಗಿ ಕಾರು ಓಡುವುದು ಶೋಭೆಯಲ್ಲ.

ಹೊಸ ಕಾರು ಕೊಳ್ಳುವವರಿಗೆ ಅನುಕೂಲವಾದ ಸಂಗತಿಯೊಂದು ಈಚೆಗೆ ನಡೆದಿದೆ. ನಾಲ್ಕು ಮೀಟರಿನೊಳಗಿನ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರುಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು.

ಕಚೇರಿಗೆ ಹೋಗಿಬರುವುದಕ್ಕೆ ಮಾತ್ರ ಕಾರು ಬೇಕೆನ್ನುವವರಿಗೆ ನಾವು ಬೇಡವೆಂದೇ ಹೇಳುವೆವು. 1984ರ ಅಕ್ಟೋಬರ್ 24ರಂದು ದೇಶದ ಮೊದಲ ಮೆಟ್ರೋ ರೈಲು ಓಡಿದ್ದು ಇದೇ ಪಾರ್ಕ್ ಸ್ಟ್ರೀಟಿನ ನೆಲದಡಿಯಲ್ಲಿ. ಅದು ಇರುವ ದಾರಿಯಲ್ಲಿ ಕಾರು ಒಯ್ದು, ನಿಲ್ಲಿಸಲು ಜಾಗ ಹುಡುಕಿ ಬೆವರುವುದು ಜಾಣತನವಲ್ಲ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಎಲ್ಲರೂ ಕೂಡಿ ಒಂದೆಡೆ ಹೋಗಬೇಕು ಎಂಬ ಅಗತ್ಯವಿದ್ದರೆ ಮಾತು ಬೇರೆ.

ಮಲ್ಲಿಕ್ ಬಜಾರಿನ ಪಾಠ

ಅಷ್ಟರಲ್ಲಿ ನಾವು ಮಲ್ಲಿಕ್ ಬಜಾರಿಗೆ ಬಂದೆವು. ಹಳೆಯ ಗಾಡಿಗಳ ಬಿಡಿಭಾಗಗಳಿಗೆ ಹೆಸರಾದ ಪೇಟೆ ಇದು. ಬೀದಿಯ ಒಂದು ತುದಿಯಲ್ಲಿ ಮಿಂಚುವ ಕಾರುಗಳು, ಇನ್ನೊಂದು ತುದಿಯಲ್ಲಿ ಅವುಗಳ ಬಾಗಿಲು, ದೀಪ, ಬಂಪರುಗಳ ರಾಶಿ. ಪ್ರತಿಷ್ಠೆಯ ಆಯುಷ್ಯ ಎಷ್ಟೆಂದು ತಿಳಿಯಲು ಒಂದು ಮೈಲಿ ನಡೆದರೆ ಸಾಕು.

ಹೊಸ ಚಾಲಕನಿಗೆ ಮೂರು ನಾಲ್ಕು ವರ್ಷದ ಹಳೆಯ ಕಾರು ಒಳ್ಳೆಯದೆಂದು ನಮ್ಮ ಮತ. ಮೊದಲ ವರ್ಷದ ಗೀರುಗಳೂ ತಗ್ಗುಗಳೂ ಅದರ ಮೈಮೇಲೆ ಬೀಳಲಿ. ಮನಸ್ಸಿಗೆ ನೋವು ಕಡಮೆ, ಗಂಟಿಗೂ ಪೆಟ್ಟು ಕಡಮೆ. ಆದರೆ ಹಳೆಯದನ್ನು ಕೊಳ್ಳುವಾಗ ಕಣ್ಣು ತೆರೆದಿರಬೇಕು.

ಹಗಲಿನಲ್ಲಿ ನೋಡಿ, ಮಳೆಯಲ್ಲಿ ನೋಡಬೇಡಿ; ನೀರಿನ ಹೊಳಪು ಬಣ್ಣದ ವ್ಯತ್ಯಾಸವನ್ನು ಮುಚ್ಚುತ್ತದೆ. ಎಂಜಿನ್ ತಣ್ಣಗಿರುವಾಗ ನಿಮ್ಮೆದುರಿಗೇ ಚಾಲೂ ಮಾಡಿಸಿ. ಟಯರುಗಳು ಒಂದೇ ಪಕ್ಕದಲ್ಲಿ ಸವೆದಿವೆಯೇ, ಬಾಗಿಲುಗಳ ಸಂದುಗಳು ಎರಡೂ ಕಡೆ ಸಮನಾಗಿವೆಯೇ ನೋಡಿ. ಡಿಕ್ಕಿಯಲ್ಲಿ ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗಿನ ಬದಲು ಹೊಸದನ್ನು ಇಟ್ಟಿದ್ದಾರೆಯೇ ಎಂಬುದನ್ನು ನಂಬಿಕೆಯ ಮೆಕ್ಯಾನಿಕ್ಕಿನಿಂದ ಪರೀಕ್ಷಿಸಿ. ಅವನಿಗೆ ಕೊಡುವ ಹಣ ದಂಡವಲ್ಲ.

ಕಲ್ಕತ್ತೆಯಲ್ಲಿ ಇನ್ನೊಂದು ಪರೀಕ್ಷೆ ಅವಶ್ಯ. ಈ ನಗರದಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ. 2025ರ ಸೆಪ್ಟೆಂಬರ್ 23ರ ಮಳೆಯಲ್ಲಿ ಬೀದಿಗಳೇ ಕಾಲುವೆಗಳಾದವು. ನೆಲದ ಹಾಸನ್ನು ಎತ್ತಿ ಮೂಸಿ ನೋಡಿ. ಕೆಸರಿನ ಮುಗ್ಗಲು ವಾಸನೆ ಬೇಗ ಹೋಗುವುದಿಲ್ಲ. ಸೀಟಿನ ಅಡಿಯ ಕಂಬಿಗಳಲ್ಲಿ ತುಕ್ಕು, ದೀಪದ ಗಾಜಿನೊಳಗೆ ಮಣ್ಣಿನ ಗೆರೆ ಇದ್ದರೆ ಆ ಗಾಡಿ ನೀರಿನಲ್ಲಿ ಮುಳುಗಿದ್ದುದು. ಅಂಥದನ್ನು ಬಿಟ್ಟು ಬನ್ನಿ. ನಿಮ್ಮ ಗಾಡಿಯೇ ನೀರಿನಲ್ಲಿ ನಿಂತುಹೋದರೆ ಮತ್ತೆ ಮತ್ತೆ ಚಾಲೂ ಮಾಡಬೇಡಿ; ಎಂಜಿನ್ ಒಳಗೆ ನೀರು ಹೊಕ್ಕು ಅದು ಮುರಿಯುತ್ತದೆ. ಸಾಮಾನ್ಯ ವಿಮೆ ಆ ನಷ್ಟವನ್ನು ತುಂಬದಿರಬಹುದು. ಅದಕ್ಕೆ ಬೇರೆ ಸೇರ್ಪಡೆ ಪಡೆಯಬೇಕಾಗುತ್ತದೆ.

ಕಾಗದಪತ್ರಗಳಲ್ಲಿ ನಾಚಿಕೆ ಬೇಡ. ಮಾರುವವನ ಹೆಸರು ಆರ್.ಸಿ.ಯಲ್ಲಿ ಇದೆಯೇ, ಬ್ಯಾಂಕಿನ ಸಾಲ ತೀರಿದೆಯೇ, ದಂಡದ ಬಾಕಿ ಇದೆಯೇ ನೋಡಿ. 29 ಮತ್ತು 30ನೆಯ ನಮೂನೆಗಳನ್ನು ತುಂಬಿ ಹೆಸರು ವರ್ಗವಾಗುವವರೆಗೆ ವ್ಯವಹಾರ ಮುಗಿಯಿತೆಂದು ತಿಳಿಯಬಾರದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕನೆಂದು ಸರ್ವೋಚ್ಚ ನ್ಯಾಯಾಲಯವೂ 2018ರಲ್ಲಿ ಹೇಳಿದೆ.

ತಂದೆತಾಯಂದಿರಿಗೆ

ಹದಿನೆಂಟು ತುಂಬದ ಮಕ್ಕಳ ಕೈಗೆ ಕಾರಿನ ಬೀಗದ ಕೈ ಕೊಡುವವರಿಗೆ ಒಂದು ಮಾತು. 2019ರ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಕನು ಗಾಡಿ ನಡೆಸಿ ತಪ್ಪು ಮಾಡಿದರೆ ಪೋಷಕನಿಗೆ ಮೂರು ವರ್ಷದವರೆಗೆ ಸೆರೆಮನೆ ಮತ್ತು 25,000 ರೂಪಾಯಿ ದಂಡ ಬೀಳಬಹುದು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ ಇಪ್ಪತ್ತೈದು ವರ್ಷವಾಗುವವರೆಗೆ ಲೈಸೆನ್ಸ್ ಸಿಗದು. ಪ್ರೀತಿಯಿಂದ ಕೊಟ್ಟ ಬೀಗದ ಕೈ ಮಗನ ಭವಿಷ್ಯಕ್ಕೇ ಬೀಗವಾಗಬಾರದು.

ಲೈಸೆನ್ಸ್ ಬಂದವರಿಗೂ ಕಲಿಕೆ ಮುಗಿದಿಲ್ಲ. ಮೊದಲ ಮೂರು ತಿಂಗಳು ಭಾನುವಾರದ ಬೆಳಗ್ಗೆ, ಜನವಿರಳ ರಸ್ತೆಯಲ್ಲಿ, ಅನುಭವಸ್ಥರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಲಿ. ಆಮೇಲೆ ಸಂಜೆ, ಆಮೇಲೆ ಮಳೆ, ಎಲ್ಲಕ್ಕೂ ಕೊನೆಗೆ ರಾತ್ರಿಯ ಹೆದ್ದಾರಿ. ಮೊದಲ ವರ್ಷ ಗೆಳೆಯರನ್ನು ತುಂಬಿಕೊಂಡು ರಾತ್ರಿ ಹೊರಡಕೂಡದು. ಇದು ಮನೆಯ ನಿಯಮವಾಗಿರಲಿ.

ಕೊನೆಗೆ ಏನಾಯಿತು?

ಸ್ಮಶಾನದ ಬಳಿಯಿಂದ ಹುಡುಗ ಹೆಚ್ಚು ಮಾತನಾಡಿರಲಿಲ್ಲ. ಮಲ್ಲಿಕ್ ಬಜಾರಿನ ಬಳಿ ಚಹಾ ಕುಡಿಯುತ್ತ ನಿಂತಾಗ ಅವನೇ ಮೊದಲು ಬಾಯಿ ತೆರೆದ. "ಎತ್ತರದ ಗಾಡಿ ಬೇಡ, ಮಾಮ. ಎರಡು ಏರ್‌ಬ್ಯಾಗ್ ಇರುವ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದ ಚಿಕ್ಕದೊಂದನ್ನು ಹಳೆಯದರಲ್ಲಿ ಹುಡುಕುತ್ತೇನೆ. ಅಪ್ಪಯ್ಯನ ಹಣದಲ್ಲಿ ಒಂದೂವರೆ ಸಾಕು. ಉಳಿದದ್ದಕ್ಕೆ ಮೂರು ವರ್ಷದ ಸಾಲ ತೆಗೆದು ನಾನೇ ತೀರಿಸುತ್ತೇನೆ" ಎಂದ.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಂಬಾಸಿಡರಿನ ಆಸೆ ಅವರಿಗೂ ಒಮ್ಮೆಗೇ ಹೋಗಿರಲಿಕ್ಕಿಲ್ಲ. ಆಮೇಲೆ ಹೇಳಿದರು: "ಕಾರಿಗೆ ಏನು ಬೇಕಾದರೂ ಆಗಲಿ ರಾಯರೇ, ರಿಪೇರಿ ಮಾಡಿಸಬಹುದು. ಮಾಣಿ ರಾತ್ರಿ ಮನೆಗೆ ಬಂದು ಬಾಗಿಲು ತಟ್ಟಿದರೆ ನನಗೆ ಸಾಕು."

ಮೊದಲ ಕಾರಿನ ವಿಷಯದಲ್ಲಿ ನಾವು ಇಷ್ಟು ಹೊತ್ತು ಹೇಳಿದುದೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ. ಈ ಬರಹವನ್ನು ಓದುವ ತರುಣರು ಕಾರು ಕೊಳ್ಳಲಿ, ಕೊಂಡು ಸುಖವಾಗಿ ಓಡಿಸಲಿ. ಅಂಗಡಿಗೆ ಹೋಗುವ ಮೊದಲು, ಬಾಗಿಲು ತಟ್ಟುವ ಸಪ್ಪಳಕ್ಕಾಗಿ ರಾತ್ರಿ ಎಚ್ಚರವಿರುವವರು ಯಾರೆಂಬುದನ್ನು ಒಮ್ಮೆ ನೆನೆಯಲಿ.